ತೆರೆಗೆ ಬಾರದ ಮನೆಬಾಡಿಗೆ

‘ಸೀಕ್ರೆಟ್ ಡೈರಿ ಆಫ್ ಎ ಕಾಲ್ ಗರ್ಲ್’ ಸರಣಿ ನೋಡಿದವರಿಗೆ ಏನು ನೆನಪಿರುತ್ತೆ? ಲಂಡನ್ನಿನ ದುಬಾರಿ ಹೋಟೆಲುಗಳು, ಚೆಂದದ ಬಟ್ಟೆಗಳು, ಕ್ಯಾಮೆರಾ ಕಡೆ ತಿರುಗಿ ನಮ್ಮ ಜೊತೆಗೇ ಹರಟುವ ಹನ್ನಾ. ಬಿಲ್ಲಿ ಪೈಪರ್ ನಟಿಸಿದ ಈ ಸರಣಿ 2007ರಿಂದ 2011ರವರೆಗೆ ಐಟಿವಿ2ರಲ್ಲಿ ನಾಲ್ಕು ಸೀಸನ್ ಓಡಿತು. ಈ ಕೆಲಸ ಯಾಕೆ ಅಂದ್ರೆ ಹನ್ನಾ ಬಳಿ ಉತ್ತರ ರೆಡಿ: ದುಡ್ಡೂ ಇಷ್ಟ, ಕೆಲಸವೂ ಇಷ್ಟ.

ಸರಣಿಗೆ ಮೂಲವಾದ ಪುಸ್ತಕ ಬರೆದವರ ಕಥೆ ಇಷ್ಟು ಸಲೀಸಲ್ಲ. 2003ರಲ್ಲಿ ಅವರು ಲಂಡನ್ನಿಗೆ ಬಂದಾಗ ಪಿಎಚ್.ಡಿ. ಕೊನೆಯ ಹಂತದಲ್ಲಿತ್ತು. ಕೈಯಲ್ಲಿದ್ದ ಕಾಸು ಮುಗಿದಿತ್ತು. ವಿಜ್ಞಾನಿಯ ಕೆಲಸ ಸಿಗೋಕೆ ತಿಂಗಳುಗಳು ಬೇಕು, ಮನೆಬಾಡಿಗೆ ಕಾಯಲ್ಲ. ತಕ್ಷಣ ಶುರುವಾಗುವ, ಕೈಗೆ ನಗದು ಬರುವ ಕೆಲಸ ಬೇಕಿತ್ತು. ಏಜೆನ್ಸಿಯೊಂದಕ್ಕೆ ಸೇರಿದರು. ಗಂಟೆಗೆ 300 ಪೌಂಡ್, ಅದರಲ್ಲಿ 100 ಏಜೆನ್ಸಿಗೆ. ಆ ದಿನಗಳನ್ನು ‘ಬೆಲ್ ದ ಜೂರ್’ ಎಂಬ ಹೆಸರಲ್ಲಿ ಬ್ಲಾಗ್‌ನಲ್ಲಿ ಬರೆದರು. 2005ರಲ್ಲಿ ಅದು ಪುಸ್ತಕವಾಗಿ ಭರ್ಜರಿ ಮಾರಾಟವಾಯ್ತು. ಬರೆದಿರೋದು ಗಂಡಸೇ ಇರಬೇಕು ಅಂತ ಊಹಿಸಿದವರೂ ಇದ್ದರು!

ಹಾಗಂತ ಅವರು ತಮ್ಮನ್ನು ಬಲಿಪಶು ಅಂತ ಕರೆದುಕೊಳ್ಳಲಿಲ್ಲ. ಆ ದಿನಗಳ ಬಗ್ಗೆ ಪಶ್ಚಾತ್ತಾಪವಿಲ್ಲ ಅಂದರು. ಲೈಂಗಿಕ ವೃತ್ತಿಯಲ್ಲಿ ಬಲವಂತಕ್ಕೆ ಸಿಕ್ಕಿ ನರಳುವವರು ಎಷ್ಟೋ ಮಂದಿ. ಅವರೆಲ್ಲರ ಪರವಾಗಿ ಈ ಪುಸ್ತಕ ಮಾತಾಡಲ್ಲ, ನಿಜ. ಆದರೆ ತೆರೆಗೆ ಸಾಮಾನ್ಯವಾಗಿ ಎರಡೇ ಬಗೆಯ ಹೆಣ್ಣು ಗೊತ್ತು: ಒಂದೋ ಕಣ್ಣೀರು, ಇಲ್ಲಾ ಶೋಕಿ. ತಿಂಗಳ ಕೊನೆಯ ಲೆಕ್ಕ ಹಾಕಿ, ಇದ್ದ ದಾರಿಗಳಲ್ಲಿ ಒಂದನ್ನು ಆರಿಸಿಕೊಂಡವಳಿಗೆ ಅಲ್ಲಿ ಜಾಗ ಕಡಿಮೆ.

ಇನ್ನೊಂದು ಖರ್ಚೂ ಇತ್ತು: ಹೆಸರು. ಪುಸ್ತಕ ಗೆದ್ದರೂ ಲೇಖಕಿ ಬಚ್ಚಿಟ್ಟುಕೊಂಡೇ ಬದುಕಬೇಕಾಯ್ತು. ಬೇರೆ ಯಾರೋ ಬಯಲು ಮಾಡುವ ಭಯ ಕಾಡತೊಡಗಿದಾಗ, 2009ರ ನವೆಂಬರ್‌ನಲ್ಲಿ ‘ಸಂಡೇ ಟೈಮ್ಸ್’ ಪತ್ರಿಕೆಗೆ ತಾವೇ ಹೇಳಿದರು: ನಾನು ಬ್ರೂಕ್ ಮ್ಯಾಗ್ನಾಂಟಿ. ಆಗ ಅವರು ಬ್ರಿಸ್ಟಲ್‌ನಲ್ಲಿ ಸಂಶೋಧಕಿ.

ವಿಶ್ವವಿದ್ಯಾಲಯ ಏನು ಮಾಡಿತು ಗೊತ್ತಾ? ಅವರ ಹಳೆಯ ಬದುಕಿಗೂ ಈಗಿನ ಕೆಲಸಕ್ಕೂ ಸಂಬಂಧವಿಲ್ಲ ಅಂದಿತು. ಅಷ್ಟೇ.

ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ದೊಡ್ಡ ದೃಶ್ಯ ಇದು. ಇಂಥ ಸರಣಿಗಳನ್ನು ನಾವು ಮೆಟ್ರೋದಲ್ಲಿ ಇಯರ್‌ಫೋನ್ ಹಾಕ್ಕೊಂಡು ಆರಾಮಾಗಿ ನೋಡ್ತೀವಿ. ನಾಯಕಿ ಧೈರ್ಯವಂತೆ ಅಂತೀವಿ. ಅದೇ ಪಕ್ಕದ ಸೀಟಿನ ಸಹೋದ್ಯೋಗಿಯ ಬಗ್ಗೆ ಇಂಥ ಸುದ್ದಿ ಬಂದರೆ ಆಫೀಸಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಏನೇನು ಹರಿದಾಡುತ್ತೆ ಅಂತ ನಿಮಗೂ ಗೊತ್ತು. ಆಗ ‘ಅದಕ್ಕೂ ಅವರ ಕೆಲಸಕ್ಕೂ ಸಂಬಂಧವಿಲ್ಲ, ಬಿಡ್ರಪ್ಪ’ ಅಂತ ಟೈಪ್ ಮಾಡೋರು ಒಬ್ಬರಾದರೂ ಬೇಕು. ಆ ಒಬ್ಬರು ನೀವೇ ಯಾಕಾಗಬಾರದು?