ಚಿಕಿತ್ಸೆ ಮುಗಿಸಿ ಬಂದವನು ಶನಿವಾರ ಸಂಜೆ ಎಲ್ಲಿಗೆ ಹೋಗಬೇಕು?

ಕುಡಿತದ ದಾಸರಾದವರನ್ನು ಎಲ್ಲಿಗೆ ಸೇರಿಸಬೇಕೆಂಬುದು ಇಂದು ನಮ್ಮ ಕುಟುಂಬಗಳಿಗೆ ತಿಳಿಯದ ವಿಷಯವಲ್ಲ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಿದೆ. ಆದರೆ ಚಿಕಿತ್ಸೆ ಮುಗಿಸಿ ಮನೆಗೆ ಮರಳಿದ ವ್ಯಕ್ತಿ ಮುಂದಿನ ಶನಿವಾರ ಸಂಜೆ ಎಲ್ಲಿಗೆ ಹೋಗಬೇಕೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಬಳಿ ಉತ್ತರವಿಲ್ಲ. ಹಳೆಯ ಗೆಳೆಯರ ಬಳಿ ಆ ಪ್ರಶ್ನೆಗೆ ಸಿದ್ಧ ಉತ್ತರವಿರುತ್ತದೆ. ಅಷ್ಟರಲ್ಲಿ ಯಾವುದಾದರೊಂದು ಮದುವೆಯ ರೋಸ್ ಕಾರ್ಯಕ್ರಮದ ಕರೆಯೂ ಬಂದಿರುತ್ತದೆ. ಆಸ್ಪತ್ರೆಯ ಬಿಲ್ಲು ತೀರುವ ಮೊದಲೇ ಮನುಷ್ಯ ಮತ್ತೆ ಗ್ಲಾಸು ಹಿಡಿದ ಪ್ರಸಂಗಗಳನ್ನು ಓದುಗರು ತಮ್ಮ ತಮ್ಮ ವಾರ್ಡುಗಳಲ್ಲೇ ನೆನಪಿಸಿಕೊಳ್ಳಬಲ್ಲರು.

ಈ ಸಂಜೆಗಾಗಿಯೇ ಹುಟ್ಟಿಕೊಂಡದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಂದರೆ ಎ.ಎ. ಬಳಗ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರೂ ಡಾ. ಬಾಬ್ ಸ್ಮಿತ್ ಎಂಬ ವೈದ್ಯರೂ ಇದನ್ನು ಆರಂಭಿಸಿದರು. ಇಬ್ಬರೂ ಕುಡಿತದಿಂದ ಬಳಲಿದವರೇ. ಕುಡಿಯುವವನ ಮಾತನ್ನು ಕುಡಿತ ಬಿಟ್ಟವನಷ್ಟು ಚೆನ್ನಾಗಿ ಬೇರೆ ಯಾರೂ ಅರಿಯರು ಎಂಬುದು ಅವರು ಕಂಡುಕೊಂಡ ಸತ್ಯ. ಸಭೆಯಲ್ಲಿ ಒಬ್ಬರು ತಮ್ಮ ಅನುಭವ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಸದಸ್ಯತ್ವ ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದಿದ್ದರೆ ಸಾಕು. ಕೈ ಗ್ಲಾಸಿನ ಕಡೆ ಹೋಗುವ ಮುನ್ನ ಫೋನ್ ಮಾಡಲು ಒಬ್ಬ ಹಿರಿಯ ಸದಸ್ಯರು ಸಿಗುತ್ತಾರೆ. ಇದಕ್ಕೆ ಬೆಲೆ ಕಟ್ಟುವುದು ಕಷ್ಟ.

ಇದು ಬೇರೆ ಯಾವುದೋ ಮತದ ಪ್ರಾರ್ಥನಾಕೂಟವಾಗಿರಬಹುದೆಂದು ಶಂಕಿಸುವವರಿಗೆ ಒಂದು ಮಾತು. ಎ.ಎ. ಯಾವ ಧರ್ಮಕ್ಕೂ ಸೇರಿದ್ದಲ್ಲ. ದೇವರನ್ನು ತನ್ನ ಅರಿವಿಗೆ ಬಂದಂತೆ ನೆನೆಯಲು ಅಲ್ಲಿ ಎಲ್ಲರಿಗೂ ಅವಕಾಶವಿದೆ. ಅದರ ಆರಂಭದ ದಿನಗಳಲ್ಲಿ ಡಾ. ಬಾಬ್‌ಗೆ ನೆರವಾದವರು ಕಥೊಲಿಕ ಧರ್ಮಭಗಿನಿಯೊಬ್ಬರು. ಆಕ್ರನ್‌ನ ಸಂತ ತೋಮಸರ ಆಸ್ಪತ್ರೆಯಲ್ಲಿ ದಾಖಲಾತಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಇಗ್ನೇಷಿಯಾ, ಕುಡುಕರನ್ನು ಆಸ್ಪತ್ರೆಗಳು ಬಾಗಿಲಲ್ಲೇ ತಡೆಯುತ್ತಿದ್ದ 1939ರಲ್ಲಿ, ಅಂತಹ ರೋಗಿಯನ್ನು ಜಠರದ ಉರಿಯೂತವೆಂದು ಬರೆದು ಒಳಗೆ ಸೇರಿಸಿಕೊಂಡರು. ನಮ್ಮ ಮನೆಗಳಲ್ಲಿಯೂ "ಗ್ಯಾಸ್ಟ್ರಿಕ್, ಡಾಕ್ಟರು ನಾಲ್ಕು ದಿನ ಇರಲು ಹೇಳಿದ್ದಾರೆ" ಎನ್ನುವ ಮಾತು ಈಗಲೂ ಚಾಲ್ತಿಯಲ್ಲಿದೆ. ಸಿಸ್ಟರ್ ಹೇಳಿದ್ದು ಬಾಗಿಲು ತೆರೆಯಲು, ನಾವು ಹೇಳುವುದು ಬಾಗಿಲು ಮುಚ್ಚಿಕೊಳ್ಳಲು.

ಗುಂಪು ಸಿಗದಿರುವುದಕ್ಕೆ ಈ ಮುಚ್ಚಿಡುವ ಸ್ವಭಾವವೇ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ. ಅನಾಮಿಕತೆ ಎ.ಎ.ಯ ತತ್ವ, ಸದಸ್ಯರ ಹೆಸರು ಹೊರಬೀಳಬಾರದು. ಸಭೆ ನಡೆಯುವ ದಿನ, ಹೊತ್ತು, ಸ್ಥಳಗಳು ಮಾತ್ರ ಗುಟ್ಟಲ್ಲ. ಉಡುಪಿ, ಮಂಗಳೂರು ಭಾಗಗಳಲ್ಲಿ ಎ.ಎ. ಗುಂಪುಗಳಿದ್ದರೂ ಅವುಗಳ ವೇಳಾಪಟ್ಟಿ ನಮ್ಮ ಇಗರ್ಜಿಯ ಸೂಚನಾ ಫಲಕದಲ್ಲಿ ಕಾಣಸಿಗುವುದು ಅಪರೂಪ. ಕಾಪುವಿನವರು ಸ್ವಂತ ಊರಿನಲ್ಲಿ ಗುರುತು ಸಿಕ್ಕೀತೆಂದು ಅಂಜಿದರೆ ಉಡುಪಿಗೆ ಬರಬಹುದು. ಅದೇನು ಮಹಾ ದೂರವಲ್ಲ. ಮಣಿಪಾಲದವರಿಗಂತೂ ಉಡುಪಿ ಪಕ್ಕದ ಮನೆ. ಕಾರ್ಕಳದವರ ಪಾಡು ಬೇರೆ. ಆಷಾಢದ ಮಳೆಯಲ್ಲಿ, ಕೂಲಿ ಮುಗಿಸಿ, 35 ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸಿನಲ್ಲಿ ಬಂದು, ರಾತ್ರಿಯ ಕೊನೆಯ ಬಸ್ಸಿಗೆ ಕಾಯುವಂತೆ ಯಾರಿಗೆ ಹೇಳೋಣ? ಮೂರು ವಾರ ಬಂದಾನು, ನಾಲ್ಕನೆಯ ವಾರ ಬರಲಾರ. ಗುಂಪು ಹತ್ತಿರವಿರಬೇಕೆನ್ನುವುದು ಇದಕ್ಕಾಗಿ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ. ಶಿಬಿರ ಮುಗಿಸಿದವರನ್ನು ಊರಿನ ನವಜೀವನ ಸಮಿತಿಗಳಲ್ಲಿ ಒಟ್ಟು ಸೇರಿಸುತ್ತಾರೆ. ನಮ್ಮವರು ಅಲ್ಲಿಗೆ ಹೋದರೆ ಅದರಲ್ಲಿ ಸಂಕೋಚಪಡುವಂತಹುದೇನೂ ಇಲ್ಲ.

ಅತ್ತೂರಿನ ಸಂತ ಲಾರೆನ್ಸರ ಮುಂದೆ ಹರಕೆ ಹೊತ್ತು ಕುಡಿತ ಬಿಟ್ಟವರಿದ್ದಾರೆ. ಆ ವಿಶ್ವಾಸವನ್ನು ನಾವು ಗೌರವಿಸುತ್ತೇವೆ. ಆದರೆ ಹರಕೆ ಹೊತ್ತವನಿಗೂ ಜೊತೆಗಾರರು ಬೇಕು. ಇನ್ನು, ವರ್ಷಗಟ್ಟಲೆ ವಿಪರೀತ ಕುಡಿದವರು ದಿಢೀರನೆ ನಿಲ್ಲಿಸಿದರೆ ಕೈಕಾಲು ನಡುಕ, ಭ್ರಮೆ, ಅಪಸ್ಮಾರದಂತಹ ಸೆಳೆತ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ಮೊದಲು ವೈದ್ಯರು, ಅನಂತರ ಗುಂಪು. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರು ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ವಿಚಾರಿಸಬಹುದು. ಗಂಡ ಒಪ್ಪದಿದ್ದರೂ ಹೆಂಡತಿ ಕೇಳಬಹುದು. ಕುಡಿಯುವವರ ಮನೆಯವರಿಗೆಂದೇ 1951ರಲ್ಲಿ ಆಲ್-ಅನಾನ್ ಎಂಬ ಬಳಗ ಹುಟ್ಟಿದ್ದು ಅವರ ನೋವೂ ಚಿಕ್ಕದಲ್ಲವೆಂಬ ಕಾರಣಕ್ಕೆ.

ನಮ್ಮ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು ಮಾಡಬೇಕಾದುದು ಬಹಳವೇನಿಲ್ಲ. ಹತ್ತಿರದ ಸಭೆಯ ದಿನ, ವೇಳೆಗಳನ್ನು ವಿಚಾರಿಸಿ ಫಲಕಕ್ಕೆ ಹಚ್ಚಲಿ. ತಿಂಗಳಿಗೊಮ್ಮೆ ಭಾನುವಾರದ ಬಲಿಪೂಜೆಯ ಬಳಿಕ ಧರ್ಮಗುರುಗಳು ಅದನ್ನು ಓದಿಹೇಳಲಿ. ಕಾರ್ಕಳದಂತಹ ಕಡೆ ವಾರಕ್ಕೊಂದು ಸಂಜೆ ಶಾಲೆಯ ಒಂದು ಕೋಣೆ ಬಿಟ್ಟುಕೊಡಲಿ. ಹೊರಗಿನವರ ದಾನ ಪಡೆಯದೆ ತಮ್ಮ ಖರ್ಚನ್ನು ತಾವೇ ಭರಿಸುವುದು ಎ.ಎ. ಪದ್ಧತಿ. ಹಾಗಾಗಿ ಅವರು ಬಾಡಿಗೆಯೆಂದು ಅಷ್ಟಿಷ್ಟು ಕೊಡಲು ಬಂದರೆ, ಬೇಡವೆನ್ನದೆ ತೆಗೆದುಕೊಂಡು ರಶೀದಿ ಕೊಡಬೇಕು.