ಹಬ್ಬಕ್ಕೆ ಮುನ್ನ ಕೋವಿಯ ನಳಿಗೆ

ಸೆಪ್ಟೆಂಬರ್ ತಿಂಗಳ ಕೈಲ್ ಮುಹೂರ್ತಕ್ಕೆ ಕೊಡಗಿನ ಮನೆಗೆ ಹೊರಡುವ ಬಂಧುಗಳಿಗೆ ಒಂದು ಮಾತು. ಮನೆಯ ತೋಟಾ ಕೋವಿ ಮಳೆಗಾಲವೆಲ್ಲ ಬೀಗದೊಳಗೆ ನಿಂತಿರುತ್ತದೆ. ತೆಂಗಿನಕಾಯಿಗೆ ಗುರಿಯಿಡುವ ಆತುರದಲ್ಲಿ ನಳಿಗೆಯನ್ನು ನೋಡದೆ ತೋಟಾ ತುಂಬಬೇಡಿ.

ಮೊದಲು ಕೋವಿ ಬರಿದಾಗಿದೆಯೆಂದು ಖಚಿತಪಡಿಸಿಕೊಂಡು ನಳಿಗೆಯನ್ನು ಬೆಳಕಿಗೆ ಹಿಡಿಯಿರಿ. ಕಣಜ ಕಟ್ಟಿದ ಮಣ್ಣುಗೂಡೋ ಮರೆತ ಬಟ್ಟೆಯ ಚೂರೋ ಒಳಗಿದ್ದರೆ ನಳಿಗೆ ಸಿಡಿದೀತು. ಕೈಯೋ ಕಣ್ಣೋ ಹೋದೀತು.

ಇನ್ನು ಒಂಟಿಗುಂಡಿನ ಆಯ್ಕೆ. ಈ ನಳಿಗೆಯ ಒಳಮೈ ನುಣುಪು. ರೈಫಲಿನಂತೆ ಗುಂಡನ್ನು ತಿರುಗಿಸುವ ಸುರುಳಿಗೀರುಗಳಿಲ್ಲ. ಆದುದರಿಂದಲೇ ಜರ್ಮನಿಯ ವಿಲ್ಹೆಲ್ಮ್ ಬ್ರೆನೆಕೆ ೧೮೯೮ರಲ್ಲಿ ರೂಪಿಸಿದ ಗುಂಡಿನಲ್ಲಿ ಭಾರ ಮುಂದೆ, ಹಗುರಾದ ಬೆಣೆ ಹಿಂದೆ. ಅದು ಬ್ಯಾಡ್ಮಿಂಟನ್ನಿನ ಪುಕ್ಕದ ಚೆಂಡಿನಂತೆ ನೇರವಾಗಿ ಸಾಗುತ್ತದೆ. ಆದರೂ ಅಣ್ಣನ ಕೋವಿಗೆ ಒಗ್ಗಿದ ಗುಂಡು ತಮ್ಮನ ಕೋವಿಗೆ ಒಗ್ಗಬೇಕೆಂದಿಲ್ಲ. ತೋಟಾ ನಿಮ್ಮ ಕೋವಿಯ ಬೋರಿಗೂ ಉದ್ದಕ್ಕೂ ಸರಿಹೊಂದಬೇಕು. ಹಳೆಯ ಕೋವಿಯಾದರೆ, ಮೂತಿ ಕಿರಿದಾಗಿದೆಯೇ ಎಂದು ಕೋವಿ ರಿಪೇರಿಯವರಲ್ಲಿ ಕೇಳಿಕೊಳ್ಳಿ. ಆಮೇಲೆ ಕೋವಿಯನ್ನು ಮರಳುಮೂಟೆಯ ಮೇಲಾನಿಸಿ, ಮಣ್ಣುದಿಬ್ಬದ ಮುಂದೆ ಕಟ್ಟಿದ ಕಾಗದಕ್ಕೆ ಒಂದೊಂದು ಬಗೆಯಲ್ಲೂ ಐದೈದು ಗುಂಡು ಹೊಡೆದು ನೋಡಿ. ತೂತುಗಳು ಒತ್ತಾಗಿ ಬಿದ್ದ ಬಗೆಯೇ ನಿಮ್ಮದು.

ಹೊಡೆದ ದಿನವೇ ನಳಿಗೆ ತೊಳೆಯತಕ್ಕದ್ದು. ಅಂಟಿದ ಸೀಸ ಗುರಿ ಕೆಡಿಸುತ್ತದೆ, ತೇವ ತುಕ್ಕು ತರುತ್ತದೆ. ತೋಟಾ ತುಂಬುವ ಕಡೆಯಿಂದ ಕಂಚಿನ ಬ್ರಷ್ಷು ಹಾಯಿಸಿ, ಬಟ್ಟೆ ಬಿಳಿಯಾಗಿ ಹೊರಬರುವವರೆಗೆ ಒರೆಸಿ, ತೆಳ್ಳಗೆ ಎಣ್ಣೆ ಸವರಿ. ಮತ್ತೆ ಹೊಡೆಯುವ ಮುನ್ನ ಆ ಎಣ್ಣೆಯನ್ನೂ ಒರೆಸಿರಿ.

ಪೂಜೆಯಲ್ಲಿ ನಳಿಗೆಯ ಬಾಯಿಗೆ ಸಿಕ್ಕಿಸಿದ ತೋಕ್ ಪೂವನ್ನು ತೆಗೆಯಲು ಮಾತ್ರ ಮರೆಯಬೇಡಿ. ಸುತ್ತಲೂ ಮಕ್ಕಳು ನಿಂತಿರುತ್ತಾರೆ.