ಮನೆಯ ಮೊಮ್ಮಗ, ಕಾಗದದಲ್ಲಿ ಪರದೇಶಿ

ಇಂಡಿ ತಾಲ್ಲೂಕಿನ ಹಿರಿಯರೊಬ್ಬರು ಮೊನ್ನೆ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. ನಿಂಬೆ ತೋಟದ ಒಕ್ಕಲುತನದವರು. ಕೈಯಲ್ಲಿ ಒಂದು ಚೀಲ, ಅದರೊಳಗೆ ಎರಡು ಸಣ್ಣ ಪುಸ್ತಕ. ಒಂದು ಅಮೆರಿಕದ ಪಾಸ್‌ಪೋರ್ಟ್, ಇನ್ನೊಂದು ಭಾರತ ಸರ್ಕಾರ ಕೊಟ್ಟ ಒಸಿಐ ಕಾರ್ಡ್.

‘ವಕೀಲ್ರ, ಹುಡುಗ ನಮ್ಮನ್ಯಾಗ ರೊಟ್ಟಿ ತಿಂದು ಬೆಳದಾನ. ಸಾಲಿನೂ ಇಲ್ಲೇ ಕಲತಾನ. ಈಗ ಕಾಲೇಜಿನ ಅರ್ಜಿ ತುಂಬೂ ಮುಂದ ಇವ ಪರದೇಶಿ ಅಂತಾರ. ಮುತ್ಯಾ, ಆಯಿ, ಅಪ್ಪ, ಅವ್ವ ಎಲ್ಲಾರೂ ಇದ್ದೂ ಇವ ಪರದೇಶಿ ಹ್ಯಾಂಗ ಆದಾನ್ರೀ?’

ನಮ್ಮ ಕಡೆ ಪರದೇಶಿ ಎಂದರೆ ದಿಕ್ಕಿಲ್ಲದವನು. ಅವರಿಗೆ ನೋವಾಗಿದ್ದು ಕಾನೂನಿಗಿಂತ ಆ ಮಾತಿನಿಂದ.

ಹುಡುಗ ಹುಟ್ಟಿದ್ದು ಅಮೆರಿಕದಲ್ಲಿ. ತಂದೆ ಅಲ್ಲಿ ಕೆಲವು ವರ್ಷ ಕೆಲಸದಲ್ಲಿದ್ದರು. 2016ರಲ್ಲಿ ಒಸಿಐ ಕಾರ್ಡ್ ಮಾಡಿಸಿಕೊಂಡು ಕುಟುಂಬ ಊರಿಗೆ ಮರಳಿತು. ತಂದೆ-ತಾಯಿ ಇಂದಿಗೂ ಭಾರತದ ಪೌರರೇ. ಹುಡುಗನಿಗೆ ಈಗ ಹದಿನೇಳು, ಡಾಕ್ಟರ್ ಆಗುವ ಆಸೆ. ಯಾರೋ ಏಜೆಂಟ್ ಒಬ್ಬ, ‘ಅಮೆರಿಕದ ಮಾತೇ ಎತ್ತಬೇಡಿ, ಭಾರತೀಯ ಎಂದು ಬರೆದುಬಿಡಿ, ಹದಿನೆಂಟು ತುಂಬಿದ ಕೂಡಲೇ ಮತದಾರರ ಚೀಟಿಯನ್ನೂ ಮಾಡಿಸಿಕೊಡುತ್ತೇನೆ’ ಎಂದು ಹೇಳಿದ್ದನಂತೆ.

ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಪಾಲಕರಿಗೂ ಇಂಥ ಪ್ರಶ್ನೆ ಎದುರಾಗಬಹುದು. ಆದ್ದರಿಂದ ಈ ವಾರ ಇದನ್ನೇ ತುಸು ಬಿಡಿಸಿ ನೋಡೋಣ.

ಮೊದಲನೆಯದು: ಅಮೆರಿಕದ ನೆಲದಲ್ಲಿ ಹುಟ್ಟಿದ್ದರಿಂದ ಆ ದೇಶದ ಸಂವಿಧಾನದ 14ನೇ ತಿದ್ದುಪಡಿಯಂತೆ ಹುಡುಗ ಅಲ್ಲಿಯ ಪೌರನಾದ. ನಮ್ಮ ದೇಶ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ವಿದೇಶದಲ್ಲಿ ಹುಟ್ಟಿದ ಮಗುವನ್ನು ಒಂದು ವರ್ಷದೊಳಗೆ ಅಲ್ಲಿಯ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಿದರೆ ಅದು ಭಾರತದ ಪೌರನಾಗಬಹುದು. ಆದರೆ ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆ-ತಾಯಿ ಬರೆದುಕೊಡಬೇಕು. ಇವರು ಅಮೆರಿಕದ ಪಾಸ್‌ಪೋರ್ಟ್ ತೆಗೆಸಿದ್ದರು. ಆ ದಾರಿ ಅಲ್ಲಿಗೇ ಮುಚ್ಚಿತು.

ಎರಡನೆಯದು ಒಸಿಐ, ಅಂದರೆ ಸಾಗರೋತ್ತರ ಭಾರತೀಯ ಪೌರ. ಹೆಸರಿನಲ್ಲಿ ಪೌರ ಎಂದಿದ್ದರೂ ಇದು ಪೌರತ್ವವಲ್ಲ, ಜೀವನಪೂರ್ತಿಯ ವೀಸಾ. ಎಷ್ಟು ವರ್ಷವಾದರೂ ಇಲ್ಲಿ ಇರಬಹುದು, ಓದಬಹುದು. ಆದರೆ ಮತ ಹಾಕುವಂತಿಲ್ಲ, ಸಾಮಾನ್ಯವಾಗಿ ಸರ್ಕಾರಿ ನೌಕರಿ ಇಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ.

ಜಮೀನಿನ ಮಾತು ಬಂದಾಗ ಹಿರಿಯರ ಮುಖ ಇಳಿಯಿತು. ‘ಹಂಗಾದ್ರ ತ್ವಾಟ?’ ಎಂದರು. ಕೊಳ್ಳುವುದಕ್ಕೆ ಮಾತ್ರ ಅಡ್ಡಿ. ಹಿರಿಯರ ಆಸ್ತಿ ವಾರಸಾಗಿ ಬಂದರೆ ಒಸಿಐ ಕಾರ್ಡಿನವರೂ ಕೃಷಿ ಜಮೀನು ಪಡೆಯಬಹುದು ಎಂದ ಮೇಲೆ ನೀರು ಕುಡಿದರು.

ಮೂರನೆಯದು ಸೀಟಿನ ಪ್ರಶ್ನೆ. ಇಲ್ಲಿ ಒಂದು ತಾರೀಖನ್ನು ಪಾಲಕರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು: 2021ರ ಮಾರ್ಚ್ 4. ಅಂದು ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ ಒಸಿಐ ವಿದ್ಯಾರ್ಥಿಗಳು ನೀಟ್, ಜೆಇಇ ಬರೆಯಬಹುದು. ಆದರೆ ಅನಿವಾಸಿ ಭಾರತೀಯರ ಸೀಟು ಅಥವಾ ಹೆಚ್ಚುವರಿ (ಸೂಪರ್‌ನ್ಯೂಮರರಿ) ಸೀಟುಗಳಿಗೆ ಮಾತ್ರ ಅರ್ಹರು, ಭಾರತೀಯ ಪೌರರಿಗೇ ಮೀಸಲಾದ ಸೀಟುಗಳಿಗೆ ಅಲ್ಲ. ಇದನ್ನು ಪ್ರಶ್ನಿಸಿ ವಿದ್ಯಾರ್ಥಿಗಳು ಸುಪ್ರೀಂ ಕೋರ್ಟಿಗೆ ಹೋದರು. 2023ರ ಫೆಬ್ರುವರಿ 3ರಂದು ತೀರ್ಪು ಬಂತು. ಅಧಿಸೂಚನೆ ಮುಂದಿನವರಿಗೆ ಮಾತ್ರ. 2021ರ ಮಾರ್ಚ್ 4ಕ್ಕಿಂತ ಮೊದಲೇ ಒಸಿಐ ಕಾರ್ಡ್ ಪಡೆದವರಿಗೆ ಮೊದಲಿನಂತೆ ಭಾರತೀಯ ವಿದ್ಯಾರ್ಥಿಗಳ ಸಮಾನ ಅವಕಾಶ ಉಳಿಯುತ್ತದೆ ಎಂದು ಕೋರ್ಟ್ ಹೇಳಿತು.

ನಮ್ಮ ಹುಡುಗನ ಕಾರ್ಡ್ 2016ರದು. ಅಂದರೆ ಸುಳ್ಳು ಬರೆಯುವ ಅಗತ್ಯವೇ ಇರಲಿಲ್ಲ! ನಿಜ ಬರೆದರೇ ಅವನಿಗೆ ಲಾಭ. ಏಜೆಂಟನ ಮಾತು ಕೇಳಿದ್ದರೆ ಬಂದ ಸೀಟೂ ಹೋಗುವ ಪ್ರಸಂಗ ಬರುತ್ತಿತ್ತು. ಪೌರನಲ್ಲದವನು ಸುಳ್ಳು ಹೇಳಿ ಮತದಾರರ ಪಟ್ಟಿ ಸೇರುವುದು ಅಪರಾಧ. ಆಧಾರ್ ಇದ್ದ ಮಾತ್ರಕ್ಕೆ ಯಾರೂ ಪೌರರಾಗುವುದಿಲ್ಲ ಎಂಬುದೂ ನೆನಪಿರಲಿ. ಕರ್ನಾಟಕದಲ್ಲಿ ಎಷ್ಟು ವರ್ಷ ಓದಿರಬೇಕು ಎಂಬ ಷರತ್ತು ಬೇರೆಯೇ ಇರುತ್ತದೆ. ಆಯಾ ವರ್ಷದ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಕವನ್ನು ಓದಿಯೇ ಅರ್ಜಿ ತುಂಬಬೇಕು.

ಹಾಗಾದರೆ ಪೌರನಾಗಲು ದಾರಿಯೇ ಇಲ್ಲವೇ? ಇದೆ. 1955ರ ಪೌರತ್ವ ಕಾಯ್ದೆಯ 5ನೇ ಕಲಮಿನಲ್ಲಿ ಎರಡು ಬಾಗಿಲುಗಳಿವೆ. ತಂದೆ-ತಾಯಿ ಭಾರತದ ಪೌರರಾಗಿದ್ದರೆ ಹದಿನೆಂಟು ತುಂಬದ ಮಕ್ಕಳನ್ನು ನೋಂದಣಿ ಮೂಲಕ ಪೌರರನ್ನಾಗಿ ಮಾಡಿಸಲು ಅರ್ಜಿ ಹಾಕಬಹುದು. ಹದಿನೆಂಟು ತುಂಬಿದ ಮೇಲಾದರೆ, ಒಸಿಐ ಕಾರ್ಡ್ ಪಡೆದು ಐದು ವರ್ಷವಾಗಿ, ಅರ್ಜಿಯ ಹಿಂದಿನ ಹನ್ನೆರಡು ತಿಂಗಳು ಇಲ್ಲೇ ವಾಸವಿದ್ದವರು ತಾವೇ ಅರ್ಜಿ ಹಾಕಬಹುದು. ಅರ್ಜಿ ಗೃಹ ಸಚಿವಾಲಯದ ಆನ್‌ಲೈನ್ ವ್ಯವಸ್ಥೆಯಲ್ಲಿ. ವಿಚಾರಣೆಗೆ ಅದು ಜಿಲ್ಲಾಧಿಕಾರಿಗಳ ಕಚೇರಿಗೆ ಬರುತ್ತದೆ. ಕೊನೆಯ ಮಾತು ದಿಲ್ಲಿಯದು.

ಆದರೆ ಅಮೆರಿಕದ ಪೌರತ್ವ ಬಿಡಬೇಕಾಗುತ್ತದೆ. ಮಕ್ಕಳ ಪರವಾಗಿ ತಂದೆ-ತಾಯಿ ಅದನ್ನು ಬಿಟ್ಟುಕೊಡಲು ಅಮೆರಿಕದ ನಿಯಮ ಒಪ್ಪುವುದಿಲ್ಲ. ಒಮ್ಮೆ ಬಿಟ್ಟರೆ ಸುಲಭವಾಗಿ ಮರಳಿ ಸಿಗುವುದೂ ಇಲ್ಲ. ಆದ್ದರಿಂದ ಅವಸರ ಬೇಡ. ಈ ತೀರ್ಮಾನ ಮುತ್ಯಾನದಲ್ಲ, ಅಪ್ಪನದೂ ಅಲ್ಲ, ಹುಡುಗನದು.

ಭಾರತದ ಮೂಲವೇ ಇಲ್ಲದ ವಿದೇಶಿಯರಿಗೆ ದಾರಿ ಇನ್ನೂ ಉದ್ದ. ಅರ್ಜಿಯ ಹಿಂದಿನ ಹನ್ನೆರಡು ತಿಂಗಳು ಸತತವಾಗಿ, ಅದಕ್ಕೂ ಹಿಂದಿನ ಹದಿನಾಲ್ಕು ವರ್ಷಗಳಲ್ಲಿ ಒಟ್ಟು ಹನ್ನೊಂದು ವರ್ಷ ಇಲ್ಲಿ ವಾಸವಿರಬೇಕು. ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆಯೂ ಸಾಕಷ್ಟು ಬರಬೇಕು. ಆ 22 ಭಾಷೆಗಳಲ್ಲಿ ನಮ್ಮ ಕನ್ನಡವೂ ಒಂದು. ಕನ್ನಡ ಕಲಿತು ಭಾರತೀಯನಾಗಲು ಕಾನೂನಿನಲ್ಲೇ ಜಾಗವಿದೆ ಎಂಬುದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ. ಭಾರತೀಯರನ್ನು ಮದುವೆಯಾಗಿ ಬಂದವರಿಗೆ ಏಳು ವರ್ಷದ ವಾಸ ಸಾಕು.

ಪಾಲಕರಿಗೆ ಮೂರು ಸಲಹೆ. ಮಗುವಿನ ಜನನ ಪತ್ರ, ಹಳೆಯ-ಹೊಸ ಪಾಸ್‌ಪೋರ್ಟುಗಳು, ನಿಮ್ಮ ಮದುವೆಯ ನೋಂದಣಿ ಪತ್ರ, ಶಾಲೆಯ ದಾಖಲೆಗಳನ್ನು ಒಂದೇ ಫೈಲಿನಲ್ಲಿಡಿ. ಇಪ್ಪತ್ತು ವರ್ಷದೊಳಗೆ ಮಗುವಿಗೆ ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ ಮೂರು ತಿಂಗಳೊಳಗೆ ಅದರ ಪ್ರತಿಯನ್ನು ಒಸಿಐ ಜಾಲತಾಣಕ್ಕೆ ಸೇರಿಸಿ. ಮೂರನೆಯದು, ಏಜೆಂಟರ ಬಳಿ ಹೋಗುವ ಮೊದಲು ನಿಮ್ಮ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ. ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ಸಿಗುತ್ತದೆ. ದೂರವಾಣಿ ಸಂಖ್ಯೆ 15100.

ಹುಡುಗ ನನ್ನ ಮೇಜಿನ ಮೇಲೆಯೇ ಅರ್ಜಿ ತುಂಬಿದ. ರಾಷ್ಟ್ರೀಯತೆ ಎಂದಿದ್ದಲ್ಲಿ ಅಮೆರಿಕ ಎಂದು ಬರೆದ, ಕೆಳಗೆ ಒಸಿಐ ಕಾರ್ಡಿನ ಸಂಖ್ಯೆ ಮತ್ತು ತಾರೀಖು. ಹಿರಿಯರು ಅದನ್ನೇ ನೋಡುತ್ತಿದ್ದರು. ಕಾಯಂ ವಿಳಾಸ ಎಂದಿದ್ದಲ್ಲಿ ಅವನು ತನ್ನೂರಿನ ಹೆಸರು, ತಾಲ್ಲೂಕು ಇಂಡಿ, ಜಿಲ್ಲೆ ವಿಜಯಪುರ ಎಂದು ಬರೆದ ಮೇಲೆ, ‘ನಡಿ ತಮ್ಮಾ, ಬಸ್ಸಿನ ಹೊತ್ತಾತು’ ಎಂದು ಎದ್ದರು.